ಗೆಳೆಯನಿಗೊಂದು ಪತ್ರ: ಪ್ರಶ್ನಾವಳಿಗೆ ಸಿಕ್ಕದ ಕೆಲಸ

ಮಾಟುಂಗಾ, ಮುಂಬಯಿ

ಪ್ರಿಯ ಗೆಳೆಯ,

ಮುಂಬಯಿಯ ಉಡುಪಿ ಹೋಟೆಲುಗಳ ಕೆಲಸಗಾರರನ್ನು ಕುರಿತ ಅಧ್ಯಯನಕ್ಕಾಗಿ ನೀನು ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ಓದಿದೆ. ಪ್ರಶ್ನೆಗಳೇನೋ ಚೆನ್ನಾಗಿವೆ, ಆದರೆ ಒಂದೆರಡು ತಿಂಗಳು ಅವನ್ನು ಚೀಲದಿಂದ ಹೊರತೆಗೆಯಬೇಡ. ತಮ್ಮ ಕೆಲಸದ ಬಗ್ಗೆ ಜನ ಹೇಳುವುದಕ್ಕೂ ಅವರು ಮಾಡುವುದಕ್ಕೂ ಇರುವ ಅಂತರವನ್ನು ಪಕ್ಕದಲ್ಲಿ ಕುಳಿತು ನೋಡಿಯೇ ತಿಳಿಯಬೇಕು.

ಶಿಕಾಗೊ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ನಡೆದ ಪ್ರಯೋಗಗಳೆಂದರೆ ಕೆಲಸದ ವೇಗ ಬದಲಾಗುತ್ತದೆಯೇ ಎಂದು ನೋಡಲು ದೀಪದ ಬೆಳಕನ್ನು ಹೆಚ್ಚುಕಡಿಮೆ ಮಾಡಿದ ಕತೆಯಷ್ಟೇ ಹಲವರಿಗೆ ನೆನಪಾಗುತ್ತದೆ. ನನಗೆ ಮುಖ್ಯವೆನಿಸುವುದು ಅದರ ಕೊನೆಯ ಭಾಗ. ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಇದ್ದು ಬಂದಿದ್ದ ಮಾನವಶಾಸ್ತ್ರಜ್ಞ ಲಾಯ್ಡ್ ವಾರ್ನರ್ ಅವರ ಸಲಹೆ ಪಡೆದು, 1931ರ ನವೆಂಬರಿನಿಂದ 1932ರ ಮೇವರೆಗೆ, ಟೆಲಿಫೋನ್ ಉಪಕರಣಗಳಿಗೆ ತಂತಿ ಜೋಡಿಸುವ 14 ಮಂದಿಯ ತಂಡವನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ಅಲ್ಲಿ ನಡೆದುದನ್ನೆಲ್ಲ ಬರೆದುಕೊಳ್ಳಲು ಒಬ್ಬ ವೀಕ್ಷಕನನ್ನು ಇರಿಸಲಾಯಿತು. ಹೆಚ್ಚು ಮಾಡಿದರೆ ಹೆಚ್ಚು ಕೂಲಿ ಎಂಬ ಏರ್ಪಾಡಿದ್ದರೂ, ದಿನಕ್ಕೆ ಇಷ್ಟು ಸಾಕೆಂದು ಕೆಲಸಗಾರರು ತಮ್ಮಲ್ಲೇ ಗೊತ್ತುಮಾಡಿಕೊಂಡಿದ್ದರು. ಅದನ್ನು ಮೀರಿದವನ ರಟ್ಟೆಗೆ ಪಕ್ಕದವನಿಂದ ಗುದ್ದು ಬೀಳುತ್ತಿತ್ತು. ಈ ಪ್ರಯೋಗಗಳನ್ನು ವ್ಯಾಖ್ಯಾನಿಸಿದ ಹಾರ್ವರ್ಡಿನ ಪ್ರಾಧ್ಯಾಪಕ ಎಲ್ಟನ್ ಮೇಯೊ ಅವರ ಬಳಗ ಇದರಲ್ಲಿ ಲೆಕ್ಕಾಚಾರಕ್ಕಿಂತ ಭಾವನೆಯನ್ನೇ ಹೆಚ್ಚಾಗಿ ಕಂಡಿತು. ನನಗದು ಒಪ್ಪಿಗೆಯಿಲ್ಲ. ಊರಿಗೆ ಊರೇ ಕೆಲಸ ಕಳೆದುಕೊಳ್ಳುತ್ತಿದ್ದ ಆ ಕಾಲದಲ್ಲಿ, ಹೆಚ್ಚು ದುಡಿದರೆ ಕೂಲಿಯ ದರ ಇಳಿದೀತು ಎಂಬ ಅಂಜಿಕೆಯಲ್ಲಿ ಲೆಕ್ಕಾಚಾರ ಇರಲಿಲ್ಲವೇ?

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಇದೇ ಮುಂಬಯಿಯಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕ ಜಿ. ಎಸ್. ಘುರ್ಯೆ ಅವರ ಬಳಿ ಓದಿದವರು. ಹಳ್ಳಿಯ ಬದುಕನ್ನು ಒಳಗಿಂದ ನೋಡಲು 1948ರಲ್ಲಿ ಶ್ರೀನಿವಾಸ್ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದಂತೆ ನೀನು ಹೋಟೆಲಿನ ಒಳಮನೆಯಲ್ಲಿ ಬಿಡಾರ ಹೂಡು. ನಾನು ಕಾಫಿ ಕುಡಿಯುವಲ್ಲಿ ಇಡ್ಲಿ ಮುಗಿಯುತ್ತ ಬಂದಾಗ ಭಟ್ಟರು ಸೌಟಿನಿಂದ ಪಾತ್ರೆಯ ಅಂಚನ್ನು ಎರಡು ಸಲ ಬಡಿಯುತ್ತಾರೆ. ಆ ಗಳಿಗೆಯಿಂದ ಸಪ್ಲಾಯರ್ ಹೊಸ ಗಿರಾಕಿಗೆ ದೋಸೆಯನ್ನೇ ಹೊಗಳತೊಡಗುತ್ತಾನೆ. ಇದು ಯಾವ ನಿಯಮದಲ್ಲೂ ಇಲ್ಲ, ಗಲ್ಲಾದಲ್ಲಿ ಕುಳಿತವರಿಗೂ ಬಹುಶಃ ತಿಳಿಯದು. ಕಪ್ಪು ಬಸಿ ತೊಳೆಯುವ ಹುಡುಗ ಯಾರ ಮಾತಿನ ಮೇಲೆ ಟೇಬಲ್ಲಿಗೆ ಬಡ್ತಿ ಪಡೆಯುತ್ತಾನೆ, ಟಿಪ್ಸ್ ಯಾರ ಜೇಬಿಗೆ ಹೋಗುತ್ತದೆ, ತುಳುವಿನಲ್ಲಿ ಆಡಿದ್ದು ಯಾವಾಗ ಹಿಂದಿಗೆ ತಿರುಗುತ್ತದೆ ಎಂಬುದನ್ನು ನೋಡು. ‘ನಾವೆಲ್ಲ ಒಂದೇ ಮನೆಯವರು’ ಎಂದು ಮಾಲೀಕರು ಹೇಳಿಯೇ ಹೇಳುತ್ತಾರೆ. ಬರೆದುಕೊ, ಆಮೇಲೆ ಯಾರು ಎಷ್ಟು ಹೊತ್ತಿಗೆ, ಎಲ್ಲಿ ಕುಳಿತು ಉಣ್ಣುತ್ತಾರೆಂಬುದನ್ನೂ ಬರೆ.

ಮಾಲೀಕರ ಅನುಮತಿಯೊಂದೇ ಸಾಲದು, ಹುಡುಗರದನ್ನೂ ಕೇಳು. ಅವರು ದಣಿವು ತಪ್ಪಿಸಿಕೊಳ್ಳುವ ಉಪಾಯಗಳನ್ನು ಹೆಸರು ಸಹಿತ ಬರೆದ ಟಿಪ್ಪಣಿ ಪುಸ್ತಕವನ್ನು ಮಾತ್ರ ಹೋಟೆಲಿನಲ್ಲಿ ಬಿಟ್ಟು ಬರಬೇಡ.

ನಿನ್ನ ಗೆಳೆಯ