ಕಮಿಟಿಗೆ ಹೆಸರು ಕೊಡು, ಪುಟ್ಟಿ

ಡೊಂಬಿವಲಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಸರಿ. ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಲೇ ಇಲ್ಲ. "ಸೇಫ್ಟಿ ಕಮಿಟಿಗೆ ಸೇರು ಅಂತಿದ್ದಾರೆ, ಆದರೆ ಬಾಯಿ ಬಿಟ್ಟರೆ ಎಲ್ಲರ ಕಣ್ಣಿಗೆ ಕೆಟ್ಟವಳಾಗ್ತೀನಿ" ಎಂದು ಬರೆದಿದ್ದೀಯ. ಪುಣೆ ಹತ್ತಿರದ ಚಾಕಣ್‌ನಲ್ಲಿ ಕೆಲಸ ಸಿಕ್ಕಿ ಇನ್ನೂ ವರ್ಷ ಆಗಿಲ್ಲ, ಹೆದರಿಕೆ ಆಗೋದೇ. ಹೆದರಬೇಡ ಎಂದು ಸುಮ್ನೆ ಬರೆದುಬಿಡಲು ನನಗೆ ಮನಸ್ಸಿಲ್ಲ.

ನನ್ನ ಹೋಟೆಲ್ ದಿನಗಳು, ಮುಂಬೈ ಫೋರ್ಟಿನ ಕನ್ನಡ ರಾತ್ರಿ ಶಾಲೆ ಎಲ್ಲ ನಿನಗೆ ಬಾಯಿಪಾಠ. ಫ್ಯಾಕ್ಟರಿಯ ವಿಷಯ ಮಾತ್ರ ಮನೆಯಲ್ಲಿ ಜಾಸ್ತಿ ಆಡಿಲ್ಲ. ಠಾಣೆ-ಬೇಲಾಪುರ ರಸ್ತೆಯಲ್ಲಿ ನಾನಿದ್ದ ಕೆಮಿಕಲ್ ಫ್ಯಾಕ್ಟರಿಯಲ್ಲಿ ಕಾಸ್ಟಿಕ್, ಅಂದರೆ ಮೈ ಸುಡುವ ಕ್ಷಾರದ ನೀರು, ಹರಿಸುವ ಒಂದು ಪಂಪ್ ಇತ್ತು. ಅದರ ಗ್ಲ್ಯಾಂಡ್, ಅಂದರೆ ತಿರುಗುವ ದಂಡ ಪಂಪಿನೊಳಗೆ ಹೋಗುವ ಕಡೆ ಸೋರದಂತೆ ಬಿಗಿಯುವ ಭಾಗ, ಸೋರುತ್ತಿತ್ತು. ಸೋರಿದ್ದು ಒಣಗಿ ಪಂಪಿನ ಕೆಳಗೆ ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಕೆರೆದು ತೆಗೆದರೆ ವಾರದೊಳಗೆ ಮತ್ತೆ ಬೆಳ್ಳಗೆ. ಎಲ್ಲರೂ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದೆವು. ಫಿಟ್ಟರಿಗೆ ಹೇಳಿದರೆ ಫೋರ್‌ಮನ್‌ಗೆ ಹೇಳು ಅನ್ನುತ್ತಿದ್ದ. ಫೋರ್‌ಮನ್, ಪ್ರೊಡಕ್ಷನ್ ನಿಲ್ಲಿಸೋಕಾಗಲ್ಲ ಅನ್ನುತ್ತಿದ್ದ. ಅದಕ್ಕಿಂತ ಮೇಲೆ ಯಾರಿಗೆ ಹೇಳೋದು? ಒಂದು ಸೆಕೆಂಡ್ ಶಿಫ್ಟಿನಲ್ಲಿ ಗ್ಲ್ಯಾಂಡ್ ಪೂರ್ತಿ ಕಿತ್ತುಬಂದು ಕಾಸ್ಟಿಕ್ ವಿಜಾಪುರ ಕಡೆಯ ಒಬ್ಬ ಹುಡುಗನ ಮುಖಕ್ಕೆ ಎರಚಿತು. ಹತ್ತಿರ ಒಂದು ನಲ್ಲಿಯೂ ಇರಲಿಲ್ಲ. ಡ್ರಮ್ಮಿನಿಂದ ಮಗ್ಗಿನಲ್ಲಿ ನೀರು ತಂದು ತಂದು ಹೊಯ್ದೆವು. ಒಂದು ಕಣ್ಣು ಹೋಯಿತು. ಊರಿಗೆ ಹೋದವನು ಮತ್ತೆ ಬರಲಿಲ್ಲ.

ಆಗ ನಮ್ಮಲ್ಲಿ ಯಾರೂ ಯಾರ ಕಣ್ಣಿಗೂ ಕೆಟ್ಟವರಾಗಿರಲಿಲ್ಲ, ಪುಟ್ಟಿ. ನಿನ್ನ ಸಾಲು ಓದಿದಾಗ ಅದೇ ನೆನಪಾಯಿತು.

ಭೋಪಾಲ್ ದುರಂತ ಆದದ್ದು 1984ರ ಡಿಸೆಂಬರಿನಲ್ಲಿ. ಆಮೇಲೆ 1987ರಲ್ಲಿ ಫ್ಯಾಕ್ಟರಿ ಕಾನೂನನ್ನು ತಿದ್ದಿದರು. ಅಪಾಯದ ಕೆಲಸ ನಡೆಯುವಲ್ಲಿ ಸೇಫ್ಟಿ ಕಮಿಟಿ ಇರಲೇಬೇಕು, ಅದರಲ್ಲಿ ಕೆಲಸಗಾರರೂ ಮ್ಯಾನೇಜ್‌ಮೆಂಟಿನವರೂ ಸಮಸಮ ಇರಬೇಕು ಎಂದಾಯಿತು. ಜೀವಕ್ಕೆ ಅಪಾಯ ಕಂಡರೆ ಕಮಿಟಿಯ ಮೂಲಕ ಮೇಲಿನವರಿಗೆ ಹೇಳಬಹುದು, ಅದೇ ಹೊತ್ತಿಗೆ ಸರ್ಕಾರದ ಇನ್‌ಸ್ಪೆಕ್ಟರಿಗೂ ತಿಳಿಸಬಹುದು ಎಂದೂ ಬಂತು. ಇದು ಹತ್ತು ವರ್ಷ ಮೊದಲೇ ಬಂದಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ನನ್ನ ಹೆಸರು ಕಮಿಟಿಗೆ ಬಂದಾಗ ನನಗೂ ನಿನ್ನದೇ ಭಯ. ಭಯಪಟ್ಟದ್ದು ಪೂರ್ತಿ ಸುಳ್ಳೂ ಆಗಲಿಲ್ಲ. ಒಬ್ಬ ಸೂಪರ್‌ವೈಸರ್ ಬಹಳ ಕಾಲ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಮೀಟಿಂಗಿನಲ್ಲಿ ಹೇಳಿದ್ದು ಮಿನಿಟ್ಸ್ ಬುಕ್ಕಿಗೆ ಹೋದ ಮೇಲೆ ಅದು ನನ್ನೊಬ್ಬನ ದೂರಾಗಿ ಉಳಿಯಲಿಲ್ಲ. ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಮಾಡಬೇಕು ಎಂದು ಪಕ್ಕದಲ್ಲೇ ಬರೆಯುತ್ತಿದ್ದರು. ಮುಂದಿನ ಸಲ ಮೊದಲು ಅದನ್ನೇ ಓದುತ್ತಿದ್ದರು. ಕಣ್ಣು ತೊಳೆಯುವ ಐವಾಶ್ ನಮ್ಮ ಸೆಕ್ಷನ್ನಿಗೆ ಬಂದದ್ದು ಹಾಗೆಯೇ. ಕೊನೆಗೆ ಅದೇ ಸೂಪರ್‌ವೈಸರ್, ತನ್ನ ಕಡೆಯ ಮುರಿದ ರೇಲಿಂಗ್ ವಿಷಯ ಎತ್ತು ಎಂದು ನನ್ನ ಹತ್ತಿರ ಬಂದ.

ನನಗೂ ಲಾಭ ಆಯಿತು. ಅಲ್ಲಿಯವರೆಗೆ ನಮ್ಮ ಸೆಕ್ಷನ್ ಬಿಟ್ಟರೆ ಕ್ಯಾಂಟೀನ್ ಮಾತ್ರ ಗೊತ್ತಿತ್ತು. ರೌಂಡ್ ಹೋಗುತ್ತಾ ಬಾಯ್ಲರಿನವರು, ಗೋಡೌನಿನವರು, ಎಲ್ಲರೂ ಪರಿಚಯವಾದರು. ಮ್ಯಾನೇಜರ್ ಎದುರು ಕೂತು ಮರಾಠಿಯಲ್ಲಿ ತಡವರಿಸದೆ ಮಾತಾಡಲು ಕಲಿತದ್ದು ಅಲ್ಲೇ.

ನಿಮ್ಮ ಫ್ಯಾಕ್ಟರಿಯ ರೀತಿ ಬೇರೆ ಇರಬಹುದು, ನಾನು ಹೇಳೋದು ಹಳೆಯ ಕಾಲದ್ದು. ಆದರೂ ಮೊದಲ ಮೀಟಿಂಗಿಗೆ ಮುಂಚೆ ಹಳೆಯ ಮಿನಿಟ್ಸ್ ಕೇಳಿ ಓದು. ಆಳಿನ ಹೆಸರು ಎತ್ತಬೇಡ, ಮಷಿನ್ನಿನ ಹೆಸರು ಹೇಳು. ನೀನು ಹೇಳಿದ್ದನ್ನು ಬರೆದಿದ್ದಾರಾ ನೋಡಿ ಆಮೇಲೆ ಸಹಿ ಹಾಕು. ಇನ್ನೇನು ಹೇಳಲಿ, ನಿನಗೆ ನನಗಿಂತ ಓದು ಜಾಸ್ತಿ ಇದೆ.

ಇಷ್ಟಾದರೂ ಯಾರಾದರೂ ಮುಖ ತಿರುಗಿಸಬಹುದು. ಆಗ ಒಬ್ಬಳೇ ರೂಮಿನಲ್ಲಿ ಕೂತು ಕೊರಗಬೇಡ. ಶನಿವಾರ ಪುಣೆಯಿಂದ ಟ್ರೈನ್ ಹತ್ತಿ ಕಲ್ಯಾಣದಲ್ಲಿ ಇಳಿ, ನಾನು ಸ್ಟೇಷನ್ನಿಗೆ ಬರುತ್ತೇನೆ. ಹೆಸರು ಕೊಟ್ಟೆಯೋ ಇಲ್ಲವೋ, ಫೋನ್ ಮಾಡಿ ಹೇಳು.

ಇಂತಿ,
ನಿನ್ನ ದೊಡ್ಡಪ್ಪ