ಕ್ಲೆಮೆಂಟೆ ಕಾರ್ಡ್ ಕೊಳ್ಳುವ ಮೊದಲು

ಚಿರಂಜೀವಿ ಪುಟ್ಟುವಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ. 1955ರ ಟಾಪ್ಸ್ ಕಂಪನಿಯದು, ನಂಬರ್ 164, ಬೇಸ್‌ಬಾಲ್ ಆಟಗಾರ ರೊಬೆರ್ಟೊ ಕ್ಲೆಮೆಂಟೆಯ ರೂಕಿ ಕಾರ್ಡ್, ಅಂದರೆ ಅವನ ಚಿತ್ರ ಅಚ್ಚಾದ ಮೊದಲ ರಟ್ಟಿನ ಕಾರ್ಡ್. ಪಿಟ್ಸ್‌ಬರ್ಗ್‌ಗೆ ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ, ಆಗಲೇ ಆ ಊರಿನ ಆಟಗಾರ ನಿನ್ನ ಮನಸ್ಸಿಗೆ ಹತ್ತಿರವಾಗಿದ್ದಾನೆ. ನನಗೆ ತುಂಬಾ ಖುಷಿಯಾಯಿತು. ಸರಿಯಾಗಿ 3000 ಹಿಟ್ ಹೊಡೆದವನು. 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪದಲ್ಲಿ ನೊಂದವರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಬಿದ್ದು ಜೀವ ಬಿಟ್ಟವನು. ಅಂಥವನ ಮೊದಲ ಕಾರ್ಡ್ ಮನೆಯಲ್ಲಿರಲಿ ಅಂತ ನಿನಗೆ ಅನ್ನಿಸಿದ್ದು ಸರಿಯೇ. ಆದರೆ ಫೋಟೊದಲ್ಲಿರುವ ಕಾರ್ಡ್ ಗ್ರೇಡ್ ಆಗಿಲ್ಲ, ಅಂದರೆ ಅಸಲಿಯೋ, ಯಾವ ಸ್ಥಿತಿಯಲ್ಲಿದೆಯೋ ಅಂತ ಪರೀಕ್ಷಿಸುವ ಕಂಪನಿಯವರು ನೋಡಿ ನಂಬರ್ ಕೊಟ್ಟಿಲ್ಲ. ಅದನ್ನು ಕೊಳ್ಳಬೇಡ. ಸ್ಲ್ಯಾಬ್‌ನಲ್ಲಿರುವುದು, ಅಂದರೆ ಹಾಗೆ ನಂಬರ್ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟದ್ದು, ಸಿಗುವ ತನಕ ತಡೆದುಕೋ.

'ಡಬ್ಬಿಗೂ ನಂಬರಿಗೂ ಯಾಕೆ ಜಾಸ್ತಿ ದುಡ್ಡು ಕೊಡಬೇಕು ಮಾವ?' ಅಂತ ಕೇಳಿದ್ದೀಯ. ನಾನೂ ಒಂದು ಕಾಲಕ್ಕೆ ಹೀಗೇ ಕೇಳಿದ್ದೆ. ತೊಂಬತ್ತರ ದಶಕದಲ್ಲಿ, ಇಲ್ಲಿ ನ್ಯೂಜೆರ್ಸಿಯ ಒಂದು ಕಾರ್ಡ್ ಶೋನಲ್ಲಿ, ಇನ್ನೊಬ್ಬ ಬೇಸ್‌ಬಾಲ್ ಆಟಗಾರ ಹ್ಯಾಂಕ್ ಆರನ್‌ನ 1956ರ ಕಾರ್ಡ್ ತಗೊಂಡೆ. ನಾಲ್ಕು ಮೂಲೆಯೂ ಚೂಪಾಗಿದ್ದವು. ಬಂದವರಿಗೆಲ್ಲ ತೋರಿಸುತ್ತಿದ್ದೆ. ಇಪ್ಪತ್ತು ವರ್ಷ ಆದಮೇಲೆ ಗ್ರೇಡಿಂಗ್‌ಗೆ ಕಳಿಸಿದರೆ ನಂಬರೇ ಕೊಡದೆ ವಾಪಸ್ ಕಳಿಸಿದರು. ಸವೆದ ಅಂಚನ್ನು ಯಾರೋ ಕೂದಲೆಳೆಯಷ್ಟು ಕತ್ತರಿಸಿ ಹೊಸದರ ಹಾಗೆ ಮಾಡಿದ್ದರು. ಟ್ರಿಮ್ಮಿಂಗ್ ಅನ್ನುವುದು ಇದಕ್ಕೇ. ಮಾರಿದವನು ಯಾರು ಅಂತ ಹುಡುಕುವುದೆಲ್ಲಿ? ಅವನಿಗೂ ಗೊತ್ತಿರಲಿಲ್ಲವೋ ಏನೋ. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಅಳತೆ ಪಟ್ಟಿ ಇಟ್ಟು ನೋಡಿದರೆ ಸಾಲದೇ ಅಂತ ನೀನು ಕೇಳಬಹುದು. ಸಾಲದು. ಆಗಿನ ಟಾಪ್ಸ್ ಕಾರ್ಡಿನ ಅಳತೆ 2⅝ ಇಂಚು ಅಗಲ, 3¾ ಇಂಚು ಉದ್ದ. ಆದರೆ ಕಾರ್ಖಾನೆಯಲ್ಲಿ ಹಾಳೆ ಕತ್ತರಿಸುವಾಗಲೇ ಒಂದು ಚೂರು ಹೆಚ್ಚುಕಮ್ಮಿ ಆಗುತ್ತಿತ್ತು. ದೊಡ್ಡದಾಗಿ ಬಂದ ಕಾರ್ಡನ್ನು ಕತ್ತರಿಸಿದರೆ ಅಳತೆ ಸರಿಯಾಗೇ ಇರುತ್ತದೆ, ಅಲ್ವಾ? ಅದಕ್ಕೇ ಅಂಚನ್ನು ಭೂತಗನ್ನಡಿಯಲ್ಲಿ ದೊಡ್ಡದು ಮಾಡಿ, ಬೆಳಕು ಹಾಯಿಸಿ ನೋಡಬೇಕು. ಹಳೆಯ ಕಾರ್ಖಾನೆಯ ಕತ್ತರಿ ಯಾವುದು, ಮೊನ್ನೆಯ ಬ್ಲೇಡು ಯಾವುದು ಅಂತ ಪಳಗಿದ ಕಣ್ಣಿಗೆ ತಿಳಿಯುತ್ತದೆ. ಬಿಳಿಚಿದ ಜಾಗಕ್ಕೆ ಬಣ್ಣ ಹಚ್ಚಿರುತ್ತಾರೆ. ಮಡಿಕೆಯನ್ನು ಒತ್ತಿ ಸಪಾಟು ಮಾಡಿರುತ್ತಾರೆ. ಮರುಮುದ್ರಣವನ್ನು ಬೇಕಂತಲೇ ಹಳೆಯದು ಮಾಡಿರುತ್ತಾರೆ. ನಾವು ಗ್ರೇಡಿಂಗ್‌ಗೆ ದುಡ್ಡು ಕೊಡುವುದು ಮೊದಲು ಇದನ್ನೆಲ್ಲ ಹಿಡಿಯುವುದಕ್ಕೆ. 1ರಿಂದ 10ರ ನಂಬರ್ ಆಮೇಲಿನ ಮಾತು.

ನಿಮ್ಮಜ್ಜಿ ಚಿನ್ನ ಕೊಳ್ಳುತ್ತಿದ್ದದ್ದು ಒಬ್ಬನೇ ಅಕ್ಕಸಾಲಿಗನ ಹತ್ತಿರ. ಅವನ ಅಪ್ಪನನ್ನೂ ಬಲ್ಲವರು ಅವರು. ನೀನು ಕಾರ್ಡ್ ಕೊಳ್ಳುವುದು ಮುಖವನ್ನೇ ನೋಡದವನ ಹತ್ತಿರ, ಬರೀ ಫೋಟೊ ನಂಬಿ. ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯವನೊಬ್ಬ ನೋಡಿರಬೇಕು.

ಹಾಗಂತ ಸ್ಲ್ಯಾಬ್ ಅಂದರೆ ಕಣ್ಣು ಮುಚ್ಚಿ ನಂಬು ಅಂತ ಹೇಳುತ್ತಿಲ್ಲ. ಹಳೆಯ ಕಾಲದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ, ಟಿ206 ಅನ್ನುವ ಸಾಲಿನ ಕಾರ್ಡ್ ಕಥೆ ನಿನಗೆ ಗೊತ್ತಿರಬೇಕು. ಐಸ್ ಹಾಕಿಯ ವೇಯ್ನ್ ಗ್ರೆಟ್ಸ್ಕಿ, ಆಗ ತನ್ನ ತಂಡದ ಮಾಲೀಕನಾಗಿದ್ದ ಬ್ರೂಸ್ ಮೆಕ್‌ನಾಲ್ ಜೊತೆ ಸೇರಿ 1991ರಲ್ಲಿ 4,51,000 ಡಾಲರ್ ಕೊಟ್ಟು ತಗೊಂಡ ಕಾರ್ಡ್ ಅದು. ಕಾರ್ಡ್ ಗ್ರೇಡ್ ಮಾಡುವ ಪಿಎಸ್‌ಎ ಕಂಪನಿ ಶುರುವಾದಾಗ ಮೊಟ್ಟಮೊದಲು ಗ್ರೇಡ್ ಮಾಡಿದ್ದೂ ಅದನ್ನೇ. 8 ಕೊಟ್ಟರು. ಹಿಂದೆ ಅದನ್ನು ಮಾರಿದ್ದ ಬಿಲ್ ಮಾಸ್ಟ್ರೊ, ಅದರ ಪಕ್ಕದ ಅಂಚು ಕತ್ತರಿಸಿದ್ದು ನಾನೇ ಅಂತ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ. ಅಷ್ಟು ದೊಡ್ಡ ಕಾರ್ಡಿನಲ್ಲೇ ತಪ್ಪಿತು ನೋಡು. ಈ ಕಥೆ ಗೊತ್ತಿದ್ದೂ ನಾನು ಸ್ಲ್ಯಾಬ್ ಕಡೆಗೇ ನಿಲ್ಲುತ್ತೇನೆ. ತಪ್ಪುವ ಕಣ್ಣಾದರೂ, ನನ್ನ ಕಣ್ಣಿಗಿಂತ ಅದು ಎಷ್ಟೋ ಮೇಲು.

ಸ್ಲ್ಯಾಬ್ ಸಿಕ್ಕಾಗ ಮೊದಲು ಅದರ ಮೇಲಿನ ಸರ್ಟಿಫಿಕೇಟ್ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ ನೋಡು. ಫೋಟೊ ಇದ್ದರೆ ಒಂದೊಂದು ಕಲೆಯನ್ನೂ ಹೋಲಿಸು. ನಕಲಿ ಸ್ಲ್ಯಾಬ್‌ಗಳೂ ಓಡಾಡುತ್ತವೆ. ಮತ್ತೆ, ದೊಡ್ಡ ನಂಬರಿಗೆ ಆಸೆಪಡಬೇಡ. 5 ಗ್ರೇಡ್ ಆಗಿದ್ದು ಚಿತ್ರ ಒಂದು ಪಕ್ಕಕ್ಕೆ ಸರಿದಿರುವ ಕಾರ್ಡಿಗಿಂತ, ಮೂಲೆ ದುಂಡಗಾಗಿದ್ದರೂ ಚಿತ್ರ ನಡುವೆ ಕೂತ, ಬಣ್ಣ ಮಾಸದ 3 ನನಗೆ ಇಷ್ಟ. ದುಡ್ಡೂ ಉಳಿಯುತ್ತದೆ. ಹತ್ತಿಪ್ಪತ್ತು ಡಾಲರಿನ ಕಾರ್ಡ್‌ಗಳಿಗೆ ಇದ್ಯಾವುದೂ ಬೇಡ. ಅವನ್ನು ಹಾಗೇ ತಗೊಂಡು ಆಲ್ಬಮ್ಮಿಗೆ ಹಾಕು. ಕೈಯಲ್ಲಿ ಹಿಡಿದು ಹಳೆಯ ರಟ್ಟಿನ ವಾಸನೆ ನೋಡುವ ಸುಖ ಸ್ಲ್ಯಾಬ್‌ನಲ್ಲಿ ಇಲ್ಲ.

ಮೊದಲ ಬೋನಸ್ ದುಡ್ಡು ಇದು, ನನಗೆ ಗೊತ್ತು. ಅಕ್ಕನಿಗೆ ನಾನು ಏನೂ ಹೇಳಿಲ್ಲ. ಥ್ಯಾಂಕ್ಸ್‌ಗಿವಿಂಗ್‌ಗೆ ಬರುತ್ತೀಯಲ್ಲ, ಆ ಆರನ್ ಕಾರ್ಡನ್ನೂ ಲೂಪ್ ಅನ್ನುವ ಪುಟ್ಟ ಭೂತಗನ್ನಡಿಯನ್ನೂ ಮೇಜಿನ ಮೇಲೆ ಇಟ್ಟಿರುತ್ತೇನೆ. ಕತ್ತರಿಸಿದ ಅಂಚು ಎಲ್ಲಿದೆ ಅಂತ ನೀನೇ ಹುಡುಕು.

ನಿನ್ನ ಪ್ರೀತಿಯ
ಮಾವ