ತೊಲೆಯ ಮೇಲಿದ್ದ ಹೆಸರು

ಪ್ರೀತಿಯ ಮಗಳೇ,

ಈ ಸೆಮಿಸ್ಟರಿನಲ್ಲಿ ಹಳೇ ಕಟ್ಟಡಗಳ ಪಾಠ ಶುರುವಾಯಿತು ಅಂದೆಯಲ್ಲ, ನಿನಗೆ ವೂಟಾಯ್ ವಿಷಯ ಹೇಳಲೇಬೇಕು ಅನ್ನಿಸಿತು. ಚೀನಾದ ಶಾನ್ಸಿ ಪ್ರಾಂತ್ಯದ ಒಂದು ಕೌಂಟಿ ಅದು, ನಮ್ಮ ತಾಲ್ಲೂಕಿನ ಹಾಗೆ. ಅಲ್ಲಿ ನೆತ್ತಿ ಚಪ್ಪಟೆಯಾದ ಐದು ಶಿಖರಗಳಿವೆ. ಉತ್ತರದ್ದು 3,061 ಮೀಟರ್ ಎತ್ತರ. ಅಲ್ಲಿನ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ನಮ್ಮ ರಾಮನಗರದ ಬೆಟ್ಟಗಳ ಓರಗೆಯವು! ಬೌದ್ಧರಿಗೆ ಅದು ಜ್ಞಾನದ ಬೋಧಿಸತ್ವನಾದ ಮಂಜುಶ್ರೀಯ ನೆಲೆ.

845ರಲ್ಲಿ ಆಗ ಆಳುತ್ತಿದ್ದ ತಾಂಗ್ ವಂಶದ ಚಕ್ರವರ್ತಿ ದೇಶದ ತುಂಬ ಬೌದ್ಧ ಗುಡಿಗಳನ್ನು ಕೆಡವಿಸಿದ. ಇಲ್ಲಿನ ಫೋಗುವಾಂಗ್ ಗುಡಿಯೂ ಹೋಯಿತು, ಆಮೇಲೆ ಮತ್ತೆ ಕಟ್ಟಿದರು. 782ರ ನಾನ್‌ಚಾನ್ ಅನ್ನುವ ಪುಟ್ಟ ಗುಡಿ ಉಳಿದುಕೊಂಡಿತು. ಚೀನಾದಲ್ಲಿ ಇವತ್ತು ನಿಂತಿರುವ ಮರದ ಕಟ್ಟಡಗಳಲ್ಲಿ ಗೊತ್ತಿರುವಷ್ಟರಲ್ಲಿ ಅದೇ ಎಲ್ಲಕ್ಕಿಂತ ಹಳೆಯದು.

ಆದರೆ ನನ್ನ ಮನಸ್ಸು ನಿಂತಿದ್ದು ಫೋಗುವಾಂಗ್‌ನಲ್ಲೇ. ತಾಂಗ್ ಕಾಲದ ಮರದ ಕಟ್ಟಡ ಚೀನಾದಲ್ಲಿ ಒಂದೂ ಉಳಿದಿಲ್ಲ, ನೋಡಬೇಕಾದರೆ ಜಪಾನಿಗೇ ಬನ್ನಿ ಎಂದು ಜಪಾನಿನ ವಿದ್ವಾಂಸರು ಹೇಳುತ್ತಿದ್ದ ಕಾಲ. 1937ರ ಬೇಸಿಗೆಯಲ್ಲಿ ಚೀನಾದ ಹಳೇ ಕಟ್ಟಡಗಳನ್ನು ಹುಡುಕಿ ಅಧ್ಯಯನ ಮಾಡುತ್ತಿದ್ದ ಲಿಯಾಂಗ್ ಸಿಚೆಂಗ್, ಅವರ ಹೆಂಡತಿ ಲಿನ್ ಹುಯಿಯಿನ್ ಮತ್ತು ಜೊತೆಗಾರರು ಹೇಸರಗತ್ತೆ ಏರಿ ಅಲ್ಲಿಗೆ ಬಂದರು. ಮಾಡಿನೊಳಗೆ ಹತ್ತಿದರೆ ಕಾರ್ಗತ್ತಲು, ದಪ್ಪ ಧೂಳು, ಸಾವಿರಾರು ಬಾವಲಿ, ಮೈಗೆ ಮುತ್ತುವ ತಿಗಣೆ. ಅದರಲ್ಲೇ ಕೂತು ಅಳತೆ ತೆಗೆದರು. ಒಂದು ದಿನ ಕೆಳಗೆ ನಿಂತಿದ್ದ ಲಿನ್‌ಗೆ ತೊಲೆಯ ಮೇಲೆ ಮಾಸಿದ ಶಾಯಿಯ ಅಕ್ಷರ ಕಂಡವು. ಅವರಿಗೆ ಹತ್ತಿರದ್ದಕ್ಕಿಂತ ದೂರದ್ದೇ ಚೆನ್ನಾಗಿ ಕಾಣುತ್ತಿತ್ತು. ತೊಲೆ ಒರೆಸಿ ಓದಿದರೆ ದಾನ ಕೊಟ್ಟವಳ ಹೆಸರು: ನಿಂಗ್ ಗೊಂಗ್‌ಯು. ಅದೇ ಹೆಸರು ಅಂಗಳದ ಕಲ್ಲುಕಂಬದಲ್ಲೂ ಇತ್ತು, ಇಸವಿ ಸಮೇತ. 857! ಅಂದರೆ ಗುಡಿಯನ್ನು ಮತ್ತೆ ಕಟ್ಟಿದ್ದು ತಾಂಗ್ ಕಾಲದಲ್ಲೇ. ಇಲ್ಲಿ ನಮ್ಮ ನೃಪತುಂಗ ಆಳುತ್ತಿದ್ದ ಕಾಲ. ಗುಡಿಯ ಮೂಲೆಯಲ್ಲಿ ಸಾದಾ ಉಡುಪಿನಲ್ಲಿ ಕೂತ ಹೆಂಗಸಿನ ಮೂರ್ತಿಯೂ ಅವಳದೇ ಎಂದು ಲಿನ್ ಗುರುತಿಸಿದರು. ಅದರ ಪಕ್ಕ ನಿಂತು ತೆಗೆಸಿಕೊಂಡ ಅವರ ಫೋಟೋ ಇದೆ, ಹುಡುಕಿ ನೋಡು.

ಇನ್ನೊಂದು ವಿಷಯ ನಿನಗೆ ಗೊತ್ತಿರಬೇಕು. ಲಿನ್ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಆರ್ಕಿಟೆಕ್ಚರ್‌ಗೆ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಲಲಿತಕಲೆಗೆ ಸೇರಿ, ಆರ್ಕಿಟೆಕ್ಚರ್ ತರಗತಿಗಳಲ್ಲಿ ಕೂತು ಕಲಿತರು. ಆ ಪದವಿ ಕೊಟ್ಟಿದ್ದು 2024ರಲ್ಲಿ, ಅವರು ತೀರಿಕೊಂಡು 69 ವರ್ಷ ಆದಮೇಲೆ. ನನಗೆ ಸಿಟ್ಟೂ ಬಂತು, ಕಣ್ಣೂ ತುಂಬಿತು.

ಫೋಗುವಾಂಗ್‌ನಲ್ಲಿ ಕಂಬದ ತಲೆಯ ಮೇಲೆ ಮರದ ತುಂಡುಗಳನ್ನು ಒಂದರೊಳಗೊಂದು ಕೂರಿಸಿ ಆ ಭಾರೀ ಮಾಡನ್ನು ಹೊತ್ತಿದ್ದಾರೆ. ಆ ಜೋಡಣೆಯ ಮಾದರಿ ನಿಮ್ಮ ಕಾಲೇಜಿನಲ್ಲಿ ಮಾಡಿಸುತ್ತಾರಾ? ಮಾಡಿಸಿದರೆ ಫೋಟೋ ಕಳಿಸು.

ನಿನ್ನ ಅಮ್ಮ